ಕೀಬೋರ್ಡು ಬಾರದ ಮೂರು ದಿನ

ಮೊಬೈಲಿನ ಪರದೆಯ ಮೇಲೆ ಕೀಬೋರ್ಡು ಯಾವಾಗ ಬರಬೇಕು ಎಂಬ ವಿಷಯದಲ್ಲಿ ನನಗೂ ನನ್ನ ಮೊಬೈಲಿಗೂ ಮೊದಲಿನಿಂದಲೂ ಅಭಿಪ್ರಾಯಭೇದವಿದೆ. ಯಾರದೋ ಮಗುವಿನ ಫೋಟೋ ನೋಡೋಣ ಎಂದರೆ ಧಡಕ್ಕನೆ ಎದ್ದು ಬಂದು ಮಗುವನ್ನು ಕುತ್ತಿಗೆಯಿಂದ ಕೆಳಗೆ ಮುಚ್ಚುತ್ತದೆ. ಬಸ್ಸಿನ ವೇಳಾಪಟ್ಟಿ ತೆರೆದರೆ ನನಗೆ ಬೇಕಾದ ಬಸ್ಸು ಅದರ ಅಡಿಯಲ್ಲೇ ಇರುತ್ತದೆ. ಕರೆಯದೆ ಬರುವುದನ್ನು ಹೇಗೋ ಸಹಿಸಬಹುದು. ಕರೆದಾಗ ಬಾರದೆ ಹೋದದ್ದರಿಂದ ಮಾತ್ರ ನಾನೊಬ್ಬ ಗೆಳೆಯನನ್ನು ಅರ್ಧಕ್ಕರ್ಧ ಕಳೆದುಕೊಂಡೆ.

ಗೆಳೆಯ ಎಂದರೆ ನೆಲ್ಯಾಡಿಯ ಜೋಸಣ್ಣ. ಇಪ್ಪತ್ತು ವರ್ಷದ ಸಲಿಗೆ. ಅವರ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ, ಒಂದು ಬುಧವಾರ ಇತ್ತು. ನಾನು ಆಗೊಮ್ಮೆ ಈಗೊಮ್ಮೆ ಪತ್ರಿಕೆಗೆ ಬರೆಯುವವನು. ಆ ಗತ್ತಿಗೆಂದೇ ವೈರಿಲ್ಲದೆ ಮೊಬೈಲಿಗೆ ಜೋಡಿಸುವ ಪುಟ್ಟ ಕೀಬೋರ್ಡೊಂದನ್ನು ಚೀಲದಲ್ಲಿ ಹೊತ್ತು ತಿರುಗುತ್ತೇನೆ. ಒಕ್ಕಲಿನ ದಿನ ಅದನ್ನು ನಾಲ್ಕು ಜನರಿಗೆ ತೋರಿಸಿಯೂ ಆಯಿತು. ಜೋಸಣ್ಣ ನೆಂಟರ ಎದುರು, "ಇವರ ಲೇಖನದಿಂದ ನಮಗೆ ಭಾರೀ ಉಪಕಾರ ಮಾರಾಯ್ರೆ. ಎರಡು ಸಾಲು ಓದಿದ್ರೆ ಸಾಕು, ಒಳ್ಳೆ ನಿದ್ದೆ ಬರ್ತದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಊಟಕ್ಕೆ ಕೂರುವ ಮೊದಲೇ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ನಮ್ಮ ಕಡೆ ಒಕ್ಕಲಿನ ಮನೆಯಿಂದ ಉಣ್ಣದೆ ಹೊರಡುವುದಕ್ಕಿಂತ ದೊಡ್ಡ ಬೈಗುಳವಿಲ್ಲ.

ಶುಕ್ರವಾರ ಅವರ ಸಂದೇಶ ಬಂತು: "ಬೇಜಾರಾಯ್ತಾ? ತಮಾಷೆಗೆ ಹೇಳಿದ್ದು. ಆದಿತ್ಯವಾರ ಬನ್ನಿ, ನಿಮ್ಮ ಊಟ ಬಾಕಿ ಉಂಟು." ನನ್ನ ಮನಸ್ಸು ಕರಗಿತು ಎಂದೇ ಇಟ್ಟುಕೊಳ್ಳಿ. ಉತ್ತರ ಬರೆಯಲು ಬೆರಳಿಟ್ಟೆ. ಕೀಬೋರ್ಡೇ ಇಲ್ಲ. ಕುಟ್ಟಿದೆ, ಉಜ್ಜಿದೆ, ಆಫ್ ಮಾಡಿ ಆನ್ ಮಾಡಿದೆ. ನಾನು ಓದಿದ್ದೇನೆ ಎಂಬ ನೀಲಿ ಗೀಟುಗಳಷ್ಟೇ ಅತ್ತ ತಲುಪಿದವು. ಶನಿವಾರ ಕಳೆಯಿತು, ಆದಿತ್ಯವಾರವೂ ಕಳೆಯಿತು.

ಸೋಮವಾರ ದರ್ಬೆಯ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯಾಕೆ ಮೊಬೈಲನ್ನು ತಿರುಗಿಸಿ ನೋಡಿ, "ನಿಮ್ಮ ಚೀಲದಲ್ಲಿ ಎಂತ ಉಂಟು?" ಎಂದು ಕೇಳಿ ನನ್ನ ಪುಟ್ಟ ಕೀಬೋರ್ಡನ್ನು ಹೊರಗೆ ತೆಗೆಸಿದರು. "ಇದು ಆನ್ ಉಂಟಲ್ಲ. ಒಂದು ಇರುವಾಗ ಇನ್ನೊಂದು ಎಂತಕೆ ಅಂತ ಮೊಬೈಲು ಸುಮ್ಮನೆ ಕೂತುಕೊಳ್ಳುದು." ಅದನ್ನು ಆರಿಸಿದ್ದೇ ತಡ, ಪರದೆಯಲ್ಲಿ ಅಕ್ಷರಗಳು ಸಾಲಾಗಿ ಎದ್ದು ನಿಂತವು. ಅಂಗಡಿಯ ಮೆಟ್ಟಿಲಲ್ಲೇ ಕೂತು ಉದ್ದದ ಕ್ಷಮಾಪಣೆ ಬರೆದೆ.

"ಸಾರ ಇಲ್ಲ ಸರ್, ಪರವಾಗಿಲ್ಲ" ಎಂದು ಉತ್ತರ ಬಂತು. ಜೋಸಣ್ಣ ನನ್ನನ್ನು ಸರ್ ಎಂದದ್ದು ಅದೇ ಮೊದಲು. ಆದಿತ್ಯವಾರ ಅವರ ಹೆಂಡತಿ ಮೂರು ಗಂಟೆಯವರೆಗೆ ಊಟ ಬಡಿಸದೆ ಕಾದಿದ್ದರೆಂದು ಆಮೇಲೆ ತಿಳಿಯಿತು. ಈಗಲೂ ಕಡಬದಲ್ಲಿ ಸಿಕ್ಕಿದರೆ ಜೋಸಣ್ಣ ನಿಲ್ಲುತ್ತಾರೆ, ಕ್ಷೇಮ ವಿಚಾರಿಸುತ್ತಾರೆ. ನನ್ನನ್ನು ತಮಾಷೆ ಮಾತ್ರ ಮಾಡುವುದಿಲ್ಲ. ಅದಕ್ಕಾಗಿ ನಾನು ಇಷ್ಟು ಸಂಕಟಪಡುತ್ತೇನೆಂದು ಎಣಿಸಿರಲಿಲ್ಲ.

ಒಂದು ದಿನ ಇದನ್ನೆಲ್ಲ ಹೇಳಿಕೊಂಡು ಕೀಬೋರ್ಡಿಗೆ ಶಾಪ ಹಾಕುತ್ತಿದ್ದೆ. ತರಕಾರಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, "ಫೋನ್ ಮಾಡ್ಲಿಕ್ಕೆ ಕೀಬೋರ್ಡ್ ಬೇಕಾ?" ಎಂದು ಕೇಳಿದಳು.

ಬೇಡವೆಂದು ನನಗೆ ಶುಕ್ರವಾರವೇ ಗೊತ್ತಿತ್ತು. ಜೋಸಣ್ಣ ಇನ್ನೆರಡು ದಿನ ಕೊರಗಲಿ ಎಂದು ಸುಮ್ಮನೆ ಕೂತೆ. ಕೇಳಿದವರಿಗೆ ಹೇಳಲು ಕೀಬೋರ್ಡಿನ ನೆಪ ಇತ್ತಲ್ಲ.