ಎರವಲು ಮೂಗು

ಗಾಜಪ್ಪನ ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದದ್ದು ಒಂದು ರಬ್ಬರ್ ಟ್ಯೂಬಿನ ಕಾರಣಕ್ಕೆ. ಸಿಲಿಂಡರಿನಿಂದ ಒಲೆಗೆ ಹೋಗುವ ಆ ಟ್ಯೂಬು ಮುದುಕನ ಹಿಮ್ಮಡಿಯಂತೆ ಬಿರುಕು ಬಿಟ್ಟಿತ್ತು. ಬದಲಾಯಿಸಿ ಎಂದು ಅವಳು ಹೇಳುತ್ತಲೇ ಇದ್ದಳು, ನಾಳೆ ಎಂದು ಅವನು ಹೇಳುತ್ತಲೇ ಇದ್ದ. ಅಡುಗೆಮನೆಗಿದ್ದ ಒಂದೇ ಕಿಟಕಿಯೂ ತೆರೆಯುತ್ತಿರಲಿಲ್ಲ. ಓನರಮ್ಮ ಬಣ್ಣ ಹೊಡೆಸಿದಾಗ ಪೇಂಟರು ಕಿಟಕಿಗೂ ಚೌಕಟ್ಟಿಗೂ ಸೇರಿಸಿ ಬಳಿದುಬಿಟ್ಟಿದ್ದ. ಅವೆರಡೂ ಹೊಸದಾಗಿ ಮದುವೆಯಾದವರಂತೆ ಅಂಟಿಕೊಂಡಿದ್ದವು. ಒಂದು ದಿನ ಬಾಣಲೆಯ ಹೊಗೆಗೆ ಮಗು ಮುಖ ಕೆಂಪಾಗುವಷ್ಟು ಕೆಮ್ಮಿತು. ಅವತ್ತೇ ಅವಳು ಬ್ಯಾಗು ತುಂಬಿದಳು.

ಗಾಜಪ್ಪ ಎಂಬುದು ಅವನ ಹೆಸರಲ್ಲ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವನ ಕೆಲಸ. ಊರವರಿಗೆಲ್ಲ ಕಣ್ಣು ಕೊಡುವವನಿಗೆ ಮನೆಯೊಳಗೆ ಮಾತ್ರ ಏನೂ ಕಾಣುವುದಿಲ್ಲ ಎಂಬುದು ಹೆಂಡತಿಯ ದೂರು.

ಇವತ್ತು ಸಂಜೆ ಅವಳು ಬರುವವಳಿದ್ದಳು. ಅಂಗಡಿಗೆ ರಜೆ. ಗಾಜಪ್ಪ ಬೆಳಗ್ಗೆಯೇ ಹೊಸ ಟ್ಯೂಬು ತಂದಿಟ್ಟುಕೊಂಡ. ವಾರದಿಂದ ನೆಗಡಿ, ಮೂಗು ಸಿಮೆಂಟು ಹಾಕಿದಂತೆ ಮುಚ್ಚಿಹೋಗಿತ್ತು. ಅಂಗಡಿಯ ಹಿರಿಯ ಕೆಲಸಗಾರ ಹೇಳಿಕೊಟ್ಟಂತೆ ಬೆಳ್ಳುಳ್ಳಿ ಜಜ್ಜಿ, ಎಣ್ಣೆಯಲ್ಲಿ ಕಪ್ಪಗೆ ಕಾಯಿಸಿ, ಎದೆಗೂ ಬೆನ್ನಿಗೂ ಸವರಿಕೊಂಡು ಮೇಲೊಂದು ಸ್ವೆಟರು ಹಾಕಿಕೊಂಡಿದ್ದ. ಮೂಗು ಬಿಟ್ಟಿರಲಿಲ್ಲ, ಎದೆ ಮಾತ್ರ ಬೆಚ್ಚಗಿತ್ತು.

ಸ್ಪ್ಯಾನರು ಹುಡುಕುತ್ತಿರುವಾಗ ಹೆಂಡತಿಯ ಫೋನು ಬಂತು.

"ಟ್ಯೂಬ್ ಹಾಕಿದ್ರಾ?"

"ಅದೇ ಕೆಲಸದಲ್ಲಿದೀನಿ."

"ನೋಡಿ, ಬಾಗಿಲಲ್ಲಿ ಒಂದೆಳೆ ಗ್ಯಾಸ್ ವಾಸನೆ ಬಂದ್ರೂ ನಾನು ಒಳಗೆ ಕಾಲಿಡಲ್ಲ. ಬಂದ ದಾರೀಲೇ ವಾಪಸ್. ಆಮೇಲೆ ನೀವೇ ಬಂದು ಅಪ್ಪನ ಹತ್ರ ಮಾತಾಡಬೇಕಾಗುತ್ತೆ."

ಮಾವನ ಹತ್ತಿರ ಮಾತಾಡುವುದೆಂದರೆ ಗಾಜಪ್ಪನಿಗೆ ಹಲ್ಲು ಕೀಳಿಸಿಕೊಂಡಂತೆ. ಅವನು ಮಾತು ಬದಲಿಸಿ ಮಗು ಹೇಗಿದೆ ಎಂದ. ಅದಕ್ಕೂ ಮೂಗು ಸೋರುತ್ತಿದೆಯಂತೆ. ಔಷಧಿ ಹೇಳುವ ಅವಕಾಶ ಸಿಕ್ಕಿದ್ದಕ್ಕೆ ಖುಷಿಯಾಗಿ ಹಿರಿಯ ಕೆಲಸಗಾರನ ಪಾಠವನ್ನೆಲ್ಲ ಒಪ್ಪಿಸಿದ. ಅವಳು ಹ್ಞೂಂ ಎಂದು ಫೋನಿಟ್ಟಳು.

ಟ್ಯೂಬು ಕೂತಿತು. ರೆಗ್ಯುಲೇಟರ್ ತಿರುಗಿಸಿದ. ಆಗ ಅವನಿಗೆ ಹೊಳೆಯಿತು. ಸೋರುತ್ತಿದೆಯೋ ಇಲ್ಲವೋ ತಿಳಿಯಲು ಮೂಗು ಬೇಕು, ಅವನಿಗಿರುವುದು ಮುಖದ ಮೇಲಿನ ಒಂದು ಗುಡ್ಡ ಅಷ್ಟೆ. ಕಿವಿಗೊಟ್ಟ. ಸುಯ್ ಎಂದು ಕೇಳಿಸಿತು. ಉಸಿರು ಹಿಡಿದ, ನಿಂತಿತು. ಉಸಿರು ಬಿಟ್ಟ, ಮತ್ತೆ ಸುಯ್. ಕಡ್ಡಿ ಗೀರಿ ನೋಡಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು. ರೆಗ್ಯುಲೇಟರ್ ಮುಚ್ಚಿ, ಮೂಗು ಎರವಲು ಕೇಳಲು ಕೆಳಗಿಳಿದ.

ಕೆಳಮನೆಯಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರಿದ್ದರು. ಮೆಟ್ಟಿಲುದ್ದಕ್ಕೂ ಪಾಠ ಮಾಡುತ್ತಲೇ ಹತ್ತಿದರು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದು ನಾತ ಬೆರೆಸುತ್ತಾರೆ. ಅದು ಗಾಳಿಗಿಂತ ಭಾರ, ಗಾಳಿಯಾಡದ ಮನೆಯಲ್ಲಿ ಸಾಲಗಾರನ ಹಾಗೆ ನೆಲ ಹಿಡಿದು ಕೂರುತ್ತದೆ. ಅಡುಗೆಮನೆಯಲ್ಲಿ ರೆಗ್ಯುಲೇಟರ್ ತೆರೆಸಿ, ಮೊಣಕಾಲೂರಿ ಸಿಲಿಂಡರಿನ ಬುಡವನ್ನು ದೀರ್ಘವಾಗಿ ಮೂಸಿ, ಏನೂ ಇಲ್ಲ ಕಣಯ್ಯ ಎಂದರು. ಗಾಜಪ್ಪನ ಜೀವ ಮರಳಿ ಬಂತು. ಮೇಷ್ಟ್ರು ಏಳುತ್ತಾ ಜೇಬಿನಿಂದ ಡಬ್ಬಿ ತೆಗೆದು ಒಂದು ಚಿಟಿಕೆ ನಸ್ಯ ಏರಿಸಿದರು.

"ಮೇಷ್ಟ್ರೇ, ನಿಮಗೆ ವಾಸನೆ ತಿಳಿಯುತ್ತಾ?"

"ಎಲ್ಲಿ ತಿಳಿಯುತ್ತಪ್ಪ. ನಸ್ಯ ಶುರು ಮಾಡಿದಾಗಿಂದ ಮಲ್ಲಿಗೆನೂ ಒಂದೇ, ಮೋರಿನೂ ಒಂದೇ."

ಬಂದ ಜೀವ ಹಾಗೇ ಹೊರಟುಹೋಯಿತು.

ಗಾಜಪ್ಪ ಮೇಲ್ಮನೆಯಮ್ಮನ ಬಾಗಿಲು ತಟ್ಟಿದ. ಯಾರ ಮನೆಯಲ್ಲಿ ಹಾಲು ಒಡೆದಿದೆ, ಯಾರು ಬೀಡಿ ಸೇದಿ ಬಂದಿದ್ದಾರೆ ಎಂದು ಬಾಗಿಲು ಮುಚ್ಚಿಕೊಂಡೇ ಹೇಳಬಲ್ಲ ಹೆಂಗಸು ಆಕೆ. ಬಾಗಿಲು ತೆರೆದವಳೇ ಸೆರಗಿನಿಂದ ಮೂಗು ಮುಚ್ಚಿದಳು.

"ಗ್ಯಾಸ್ ಬರ್ತಿದೆ ಗಾಜಪ್ಪನೋರೆ. ಇಲ್ಲೀ ತನಕ ಬರ್ತಿದೆ."

ಗಾಜಪ್ಪ ಮೆಟ್ಟಿಲತ್ತ ತಿರುಗಿದ. ಮಹಡಿ ದಾಟಿ ಬಂದಿದ್ದರೆ ಒಳಗೆಷ್ಟು ತುಂಬಿರಬೇಡ? ಆಕೆ ಅವನ ಹಿಂದೆಯೇ ಇಳಿದು ಬಂದು, ಅಡುಗೆಮನೆಯಲ್ಲಿ ಅವನ ಪಕ್ಕ ನಿಂತು, ಇಲ್ಲಂತೂ ತಲೆ ಸುತ್ತುತ್ತದೆ ಎಂದಳು. ಮೇಷ್ಟ್ರು ತಕ್ಷಣ ಪಕ್ಷ ಬದಲಿಸಿ ರೆಗ್ಯುಲೇಟರ್ ಮುಚ್ಚಿಸಿದರು. ಯಾರೂ ಸ್ವಿಚ್ಚು ಮುಟ್ಟಕೂಡದು, ಮೊದಲು ಕಿಟಕಿ ತೆಗೆಯಬೇಕು ಎಂದರು. ಗಾಜಪ್ಪ ತಳ್ಳಿದ, ಮೇಷ್ಟ್ರು ತಳ್ಳಿದರು, ಇಬ್ಬರೂ ಸೇರಿ ತಳ್ಳಿದರು. ಕಿಟಕಿ ಅಲ್ಲಾಡಲಿಲ್ಲ. ಕೊನೆಗೆ ಮೇಲ್ಮನೆಯಮ್ಮ ಕಟ್ಟೆಯ ಮೇಲಿದ್ದ ಲಟ್ಟಣಿಗೆ ಅವನ ಕೈಗಿಟ್ಟಳು. ಅವನು ಕಣ್ಣು ಮುಚ್ಚಿ ಹೊಡೆದ. ಗಾಜಿನೊಂದಿಗೆ ಅರ್ಧ ಚೌಕಟ್ಟೂ ಹೋಗಿ ಅಂಗಳಕ್ಕೆ ಬಿತ್ತು. ಅಲ್ಲಿ ಓನರಮ್ಮ ಬಟ್ಟೆ ಹಿಂಡುತ್ತಿದ್ದಳು.

ಅರ್ಧ ಗಂಟೆಯೊಳಗೆ ಇಡೀ ಕಟ್ಟಡ ಬೀದಿಯಲ್ಲಿತ್ತು. ಓನರಮ್ಮ ಎಲ್ಲರ ಒಲೆ ಆರಿಸಿ, ಗ್ಯಾಸ್ ರಿಪೇರಿಯವನಿಗೆ ಹೇಳಿಕಳಿಸಿ, ಕಿಟಕಿಯ ಖರ್ಚು ಯಾರ ತಲೆಗೆ ಎಂಬುದನ್ನು ಬೀದಿಗೆಲ್ಲ ಕೇಳುವಂತೆ ತೀರ್ಮಾನಿಸಿದಳು. ಅರೆಬೆಂದ ಅನ್ನ ಬಿಟ್ಟು ಬಂದವರು ಗಾಜಪ್ಪನನ್ನು ತಿನ್ನುವಂತೆ ನೋಡುತ್ತಿದ್ದರು. ಅವನ ಕಣ್ಣು ಮಾತ್ರ ರಸ್ತೆಯ ಆ ತುದಿಯಲ್ಲಿತ್ತು. ಹೆಂಡತಿ ಬೇಗ ಹೊರಟುಬಿಟ್ಟಿದ್ದರೆ? ಬೀದಿಯಲ್ಲಿ ಈ ಸಂತೆ ನೋಡಿದರೆ?

ರಿಪೇರಿಯವನು ಬಂದವನು ಟ್ಯೂಬಿನ ಎರಡೂ ತುದಿಗೆ ಸೋಪಿನ ನೊರೆ ಬಳಿದು, ರೆಗ್ಯುಲೇಟರ್ ತೆರೆದು, ಒಂದು ಗುಳ್ಳೆಯಾದರೂ ಏಳಲಿ ಎಂದು ಕಾದ. ಏಳಲಿಲ್ಲ. ಕೆಳಗೆ ಬಂದು, ಟ್ಯೂಬು ಚೆನ್ನಾಗಿದೆ, ನನ್ನ ಅರ್ಧ ದಿನ ಹಾಳಾಯ್ತು ಎಂದ. ಅಷ್ಟರಲ್ಲಿ ಅವನ ಮೂಗೂ ಅರಳಿತು.

"ತಡೀರಿ. ಬೀದಿಯಲ್ಲಿ ಬರ್ತಿದೆಯಲ್ಲ."

ಮತ್ತೆ ಗದ್ದಲ. ರಿಪೇರಿಯವನು ಗೇಟಿನ ಬುಡ ಮೂಸಿದ, ಮೋರಿ ಮೂಸಿದ, ತನ್ನ ಚೀಲವನ್ನೂ ಮೂಸಿ ನೋಡಿಕೊಂಡ. ನಿಂತು ಸಾಕಾಗಿದ್ದ ಓನರಮ್ಮ ಗಾಜಪ್ಪನಿಗೆ ಒಳಗಿಂದ ಕುರ್ಚಿ ತರಲು ಹೇಳಿದಳು. ಅವನು ಹೋದ, ಗಾಳಿ ತಿಳಿಯಾಯಿತು. ಕುರ್ಚಿ ತಂದ, ವಾಸನೆಯೂ ಬಂತು. ಓನರಮ್ಮ ಕುರ್ಚಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಏಯ್, ಆ ಲೈಟ್ ಕಂಬದ ತನಕ ಹೋಗಿ ಬಾರಪ್ಪ."

ಗಾಜಪ್ಪ ಹೋಗಿ ಬಂದ. ಮೂಗುಗಳೆಲ್ಲ ಅವನ ಹಿಂದೆ ಹೋಗಿ ಅವನ ಜೊತೆಗೇ ವಾಪಸು ಬಂದವು. ಸ್ವೆಟರು ಬಿಚ್ಚಿಸಿದರು. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಸರಿದರು.

"ಬೆಳ್ಳುಳ್ಳಿ ಎಣ್ಣೆ. ನೆಗಡಿಗೆ," ಎಂದ ಅವನು, ಕಳ್ಳ ಮಾಲು ಒಪ್ಪಿಸುವವನಂತೆ.

ರಿಪೇರಿಯವನು ನಗುತ್ತ ಹೋದ. ಉಳಿದವರು ಬೈಯುತ್ತ ಹೋದರು. ಮೇಲ್ಮನೆಯಮ್ಮನೊಬ್ಬಳು ಒಪ್ಪಲಿಲ್ಲ. ತನ್ನ ಮೂಗು ಗ್ಯಾಸಿಗೂ ಬೆಳ್ಳುಳ್ಳಿಗೂ ವ್ಯತ್ಯಾಸ ತಿಳಿಯದಷ್ಟು ಕೆಟ್ಟಿಲ್ಲ ಎಂದು ಮೆಟ್ಟಿಲು ಮೆಟ್ಟಿಲಿಗೂ ಹೇಳಿಕೊಂಡು ಹತ್ತಿದಳು.

ಗಾಜಪ್ಪ ಸೋಪು ಕರಗುವ ತನಕ ಸ್ನಾನ ಮಾಡಿದ. ಸ್ವೆಟರು ನೆನೆಹಾಕಿದ. ಗಾಜಿನ ಚೂರು ಗುಡಿಸಿದ. ಒಡೆದ ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಈ ಅಡುಗೆಮನೆ ಇಷ್ಟು ತಂಪಾಗಿದ್ದದ್ದನ್ನು ಅವನು ನೋಡೇ ಇರಲಿಲ್ಲ. ಹೊಸ ಟ್ಯೂಬು, ಧಾರಾಳ ಗಾಳಿ, ತೊಳೆದ ಮೈ. ಹೆಂಡತಿ ಇನ್ನೇನು ತಪ್ಪು ಹುಡುಕಿಯಾಳು?

ಸಂಜೆ ಟ್ಯಾಕ್ಸಿ ಬಂದು ನಿಂತಿತು. ಅವನು ಕೆಳಗೆ ಓಡಿದ. ಉಣ್ಣೆ ಟೋಪಿ, ಸ್ವೆಟರಿನಲ್ಲಿ ಕಟ್ಟಿದ ಗಂಟಿನಂತಿದ್ದ ಮಗುವನ್ನು ಎತ್ತಿಕೊಂಡು ಹೆಂಡತಿ ಕೆಳಗಿನ ಬಾಗಿಲ ತನಕ ಬಂದಳು. ಮುಖದಲ್ಲಿ ಕೋಪವಿರಲಿಲ್ಲ. ಟ್ಯೂಬು ಹಾಕಿದ್ದು ಒಳ್ಳೇದಾಯ್ತು ರೀ ಎಂದಳು ಕೂಡ. ಮಗುವನ್ನು ನೋಡಲೆಂದು ಓನರಮ್ಮ ಬಂದಳು, ಮೇಲ್ಮನೆಯಮ್ಮ ಇಳಿದು ಬಂದಳು.

ಮೇಲ್ಮನೆಯಮ್ಮ ಮಗುವಿನ ಕೆನ್ನೆ ಹಿಂಡಲು ಬಗ್ಗಿದವಳು ಹಾಗೇ ನಿಂತಳು.

"ಮತ್ತೆ ಬರ್ತಿದೆ."

ಓನರಮ್ಮನೂ ಮೂಸಿದಳು. "ಹೌದಲ್ಲ. ಈ ಸಲ ನಂಗೂ ಬರ್ತಿದೆ."

"ಮಧ್ಯಾಹ್ನ ಇವರ ಮೈ ಅಂದ್ರಿ ಎಲ್ಲಾರೂ," ಎಂದಳು ಮೇಲ್ಮನೆಯಮ್ಮ, ವಕೀಲರಂತೆ ಬೆರಳೆತ್ತಿ. "ಈಗ ಸ್ನಾನ ಮಾಡಿದಾರೆ. ಹಾಗಾದ್ರೆ ಇದು ಎಲ್ಲಿಂದ?"

 ಗಾಜಪ್ಪನಿಗೆ ಬೆಳಗಿನ ಫೋನು ನೆನಪಾಯಿತು.

"ಅದು ಮಗು," ಎಂದ.

"ಏನು ಮಗು?" ಎಂದಳು ಹೆಂಡತಿ.

"ಎಣ್ಣೆ. ನಾನೇ ಹೇಳಿದ್ನಲ್ಲ ಹಚ್ಚು ಅಂತ. ಮಗೂನೇ ಗ್ಯಾಸ್ ಥರ..."

"ರೀ, ಎಣ್ಣೆ ಹಚ್ಚಿ ಬೆಳಗ್ಗಿಂದ ಎತ್ಕೊಂಡೇ ಇದೀನಿ. ನಂಗೆ ಬರದೇ ಇರೋ ವಾಸನೆ ಇವರಿಗೆ ಬರುತ್ತಾ? ತಪ್ಪು ಮುಚ್ಚೋಕೆ ಮಗು ಬೇಕಾಯ್ತಾ ನಿಮಗೆ?"

ಗಾಜಪ್ಪ ಸಾಕ್ಷಿಗಾಗಿ ಮಗುವಿನ ಎದೆಗೆ ಮೂಗಿಟ್ಟು ಎಳೆದ. ಏನೂ ಬರಲಿಲ್ಲ. ಮಗು ಅವನ ಮುಖಕ್ಕೇ ಸೀನಿತು. ಅಷ್ಟರಲ್ಲಿ ಓನರಮ್ಮ ರಿಪೇರಿಯವನು ಬಂದದ್ದನ್ನೂ, ಮೇಲ್ಮನೆಯಮ್ಮ ಎಲ್ಲರೂ ಬೀದಿಯಲ್ಲಿ ನಿಂತದ್ದನ್ನೂ ಹೇಳಿ ಮುಗಿಸಿದ್ದರು. ಅಂಗಳದಲ್ಲಿ ಕಿಟಕಿಯ ಅರ್ಧ ಚೌಕಟ್ಟು ಇನ್ನೂ ಬಿದ್ದಿತ್ತು. ಹೆಂಡತಿ ಅದನ್ನು ನೋಡಿದಳು.

"ನನ್ ಮಾತು ಕೇಳು," ಎಂದ ಗಾಜಪ್ಪ. "ಮಗೂನ ಒಂದ್ಸಲ ಗೇಟಿನ ತನಕ ಕರ್ಕೊಂಡು ಹೋಗು. ಆಮೇಲೂ ವಾಸನೆ ಇಲ್ಲೇ ಉಳಿದ್ರೆ ಆಗ ಹೇಳು."

ಹೆಂಡತಿ ಮಗುವನ್ನು ಗೇಟಿನ ತನಕ ಕರೆದುಕೊಂಡು ಹೋದಳು. ಗೇಟು ದಾಟಿದಳು. ಟ್ಯಾಕ್ಸಿಯ ಬಾಗಿಲು ಹಾಕಿದ ಸದ್ದಾಯಿತು. ಗಾಜಪ್ಪ ಓಡುವಷ್ಟರಲ್ಲಿ ಗಾಡಿ ತಿರುವಿನಲ್ಲಿತ್ತು.

ಅವನು ಬಾಗಿಲಿಗೆ ಮರಳಿದಾಗ ಮೇಲ್ಮನೆಯಮ್ಮ ಕಣ್ಣು ಮುಚ್ಚಿ ಗಾಳಿಯನ್ನು ಎಳೆಯುತ್ತಿದ್ದಳು.

"ಈಗ ನೋಡಿ," ಎಂದಳು. "ಪೂರ್ತಿ ಹೋಯ್ತು. ಹೊಸ ಟ್ಯೂಬ್ ಅಲ್ವಾ, ಕೂರೋಕೆ ಸ್ವಲ್ಪ ಹೊತ್ತು ಬೇಕು."