ಪೆಮ್ಮಯ್ಯನ ಸೈಲೆನ್ಸರು ಹಾರಿಸಿದ ಗುಂಡು

ಇನ್ನು ಮುಂದೆ ತಾನು ಮನೆಗೆ ಬರುವುದು ದೆಹಲಿಯ ಇಡೀ ಪೀತಮ್‌ಪುರಕ್ಕೆ ಗೊತ್ತಾಗಬೇಕು ಎಂದು ಪೆಮ್ಮಯ್ಯ ತೀರ್ಮಾನಿಸಿದ್ದು ಅತ್ತೆ ಬೋಜಮ್ಮ ಕೊಡಗಿನಿಂದ ಬಂದಿಳಿದ ವಾರದಲ್ಲೇ. ಅದು ಅಂತಿಂಥ ತೀರ್ಮಾನವಲ್ಲ. ಗಡ್ಡ ಹೆರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ನೊರೆ ಮೆತ್ತಿದ ಮುಖವನ್ನು ಕನ್ನಡಿಯಲ್ಲಿ ದುರುಗುಟ್ಟಿ ನೋಡಿ ಕೈಗೊಂಡ ತೀರ್ಮಾನ!

ಕಾರಣವಿತ್ತು. ಬೋಜಮ್ಮನ ಗಂಡ ಸುಬೇದಾರರಾಗಿದ್ದವರು, ಗಂಡುಮಕ್ಕಳಿಬ್ಬರೂ ಮೇಜರುಗಳು. ಇಂಥ ಕೋವಿ ಮನೆಯ ಅಳಿಯನಾದ ಪೆಮ್ಮಯ್ಯ ಮಾತ್ರ ದೆಹಲಿಯ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೂತು ಕಂಡವರ ಪ್ರಯಾಣಭತ್ಯೆಯ ಬಿಲ್ಲುಗಳಿಗೆ ಆಕ್ಷೇಪಣೆ ಬರೆಯುವವನು. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಅವನನ್ನು ಪರಿಚಯಿಸುವುದು "ದೇಚಮ್ಮನ ಗಂಡ, ಬರೆಯೋ ಕೆಲಸ" ಎಂದೇ. ತೀರ್ಮಾನದ ಹಿಂದಿನ ಸಂಜೆ ಅವನ ನೂರು ಸಿಸಿ ಬೈಕು ಗೇಟು ದಾಟಿ ಒಳಗೆ ಬರುವಾಗ ಬಾಲ್ಕನಿಯಲ್ಲಿ ಕೂತಿದ್ದ ಅವರು ಕಿವಿಗೊಟ್ಟು ಆಲಿಸಿ, ಮಗಳನ್ನು ಕರೆದು ಹೇಳಿದ್ದರು: "ಕೆಳಗೆ ಯಾರೋ ರವಿಕೆ ಹೊಲೀತಿದ್ದಾರೆ ನೋಡು."

ಮರುದಿನವೇ ಪೆಮ್ಮಯ್ಯ ಬೈಕಿನ ಬಿಡಿಭಾಗಗಳ ಪೇಟೆಯಾದ ಕರೋಲ್ ಬಾಗಿಗೆ ಹೋದ. ಕಂಪನಿ ಕೊಟ್ಟ ಸೈಲೆನ್ಸರನ್ನು ಬಿಚ್ಚಿಸಿ, ಒಳಗೆ ತಡೆಯೇ ಇಲ್ಲದ, ಈ ತುದಿಯಲ್ಲಿ ಕಣ್ಣಿಟ್ಟರೆ ಆ ತುದಿಯ ಆಕಾಶ ಕಾಣುವ ಪೈಪೊಂದನ್ನು ಹಾಕಿಸಿಕೊಂಡ. ಅಂಗಡಿಯವನು ಕಾರ್ಬುರೇಟರಿನ ಜೆಟ್ಟನ್ನೂ ಬದಲಿಸಬೇಕು, ಇಲ್ಲದಿದ್ದರೆ ಗಾಳಿ ಮತ್ತು ಪೆಟ್ರೋಲಿನ ಹದ ಕೆಡುತ್ತದೆ ಎಂದ. ಪೆಮ್ಮಯ್ಯನಿಗೆ ಬಿಲ್ಲಿನ ವಾಸನೆ ಬಡಿಯಿತು. ಹುಟ್ಟುಗುಣದಂತೆ ಆಕ್ಷೇಪಣೆ ಎತ್ತಿ, ಗಾಡಿ ಏರಿ ಹೊರಟ.

ಏನು ಶಬ್ದ! ನಿಂತ ಕಾರುಗಳು ತಾವಾಗಿಯೇ ಕೂಗಿಕೊಂಡವು. ಬೀದಿನಾಯಿಗಳು ಸಾಲುಗಟ್ಟಿ ಗೌರವವಂದನೆ ಸಲ್ಲಿಸಿದವು. ಒಂದೇ ತೊಂದರೆಯೆಂದರೆ ಶಬ್ದ ಮುಂದೆ ಹೋಗುತ್ತಿತ್ತು, ಗಾಡಿ ಅದರ ಹಿಂದಿನಿಂದ ನಿಧಾನವಾಗಿ ಬರುತ್ತಿತ್ತು. ಫ್ಲೈಓವರ್ ಏರುವಾಗ ಶಾಲೆಮಕ್ಕಳನ್ನು ತುಂಬಿಕೊಂಡ ಆಟೋ ಅವನನ್ನು ಹಿಂದೆ ಹಾಕಿತು. ಮಕ್ಕಳು ಟಾಟಾ ಮಾಡಿದರು. ಪೆಟ್ರೋಲ್ ಬಂಕಿನವನಂತೂ ಈಗ ನೆಂಟನಂತೆ ಮನೆಮಂದಿಯ ಕ್ಷೇಮಸಮಾಚಾರ ಕೇಳತೊಡಗಿದ.

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ನಿಶಿತಾಗೆ ತಡೆಯಲಾಗಲಿಲ್ಲ. "ಪಪ್ಪಾ, ಪವರ್ ಹೆಚ್ಚಾಗಿಲ್ಲ, ಸಿರ್ಫ್ ಆವಾಜ್, ಬರೀ ಸದ್ದು ಹೆಚ್ಚಾಗಿದೆ. ಆ ಸೈಲೆನ್ಸರ್ ಈ ಇಂಜಿನ್‌ಗೇ ಅಂತ ಅಳತೆ ಮಾಡಿ ಕೊಟ್ಟಿದ್ದು. ಈಗ ಸ್ಲೋ ಸ್ಪೀಡಲ್ಲಿ ಗಾಡಿ ಎಳೆಯಲ್ಲ, ನೀವು ಆಕ್ಸಿಲರೇಟರ್ ತಿರುಗಿಸ್ತಾನೇ ಇರ್ತೀರಿ. ಮೈಲೇಜ್ ಗಯಾ."

"ಹಸಿವು ಜಾಸ್ತಿಯಾಗಿದೆ ಅಂದ್ರೆ ಆರೋಗ್ಯ ಸುಧಾರಿಸಿದೆ ಅಂತ ಅರ್ಥ," ಎಂದ ಪೆಮ್ಮಯ್ಯ.

ದೇಚಮ್ಮ ಆ ಪೈಪನ್ನು ತೆಗೆಸಿ ಬನ್ನಿ ಎಂದು ಮೊದಲು ಮೆಲ್ಲಗೆ, ಆಮೇಲೆ ಲಟ್ಟಣಿಗೆ ಹಿಡಿದು ಹೇಳಿದಳು. ಅದನ್ನು ಕಳಚುವುದಾದರೆ ಮೊದಲು ನನ್ನನ್ನು ಕಳಚಿ ಎಂದು ಅವನು ಸೆಟೆದು ನಿಂತ. ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಆ ಬೋಜಮ್ಮ ಮಾತ್ರ ಒಂದು ಮಾತಾಡಿದ್ದರೆ ಕೇಳಿ. ಒಮ್ಮೆ ಬಾಲ್ಕನಿಯಿಂದ ಬಗ್ಗಿ ನೋಡಿ, "ರವಿಕೆ ಹೊಲಿಯೋ ಮಷಿನ್ ರಿಪೇರಿಗೆ ಬಂದಿದೆ," ಎಂದರು, ಅಷ್ಟೇ. ಪೆಮ್ಮಯ್ಯನ ಹಟ ಇನ್ನೂ ಗಟ್ಟಿಯಾಯಿತು. ಈ ಹೆಂಗಸು ಊರಿಗೆ ಹೊರಡುವ ಮೊದಲು ಒಂದು ಸಲವಾದರೂ ಇವನೂ ಒಬ್ಬ ಗಂಡಸು ಎಂದು ಒಪ್ಪಬೇಕು!

ಭಾನುವಾರ ಬೆಳಿಗ್ಗೆ ಅವನು ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಹಂದಿಮಾಂಸ ಕಟ್ಟಿಸಿಕೊಂಡು ಬಂದ. ಗೇಟಿನ ಹತ್ತಿರ ಆಕ್ಸಿಲರೇಟರ್ ಬಿಟ್ಟನೋ ಇಲ್ಲವೋ, ಉರಿಯದೆ ಉಳಿದ ಪೆಟ್ರೋಲು ಕಾದ ಪೈಪಿನಲ್ಲಿ ಹೊತ್ತಿಕೊಂಡಿತು. ಢಂ! ಢಂ! ಗಾಡಿ ನಿಂತೇಹೋಯಿತು. ಸಿಡಿಲಿನಂತೆ ಬರಬೇಕಾದವನು ತಳ್ಳಿಕೊಂಡು ಬರುವುದುಂಟೆ? ಯಾರೂ ನೋಡುವ ಮೊದಲೇ ಅವನು ಬೈಕನ್ನು ಹಿಂದಿನ ಪಾರ್ಕಿನ ಕಡೆಗೆ ತಳ್ಳಿಕೊಂಡು ಹೋಗಿ ಕಿಕ್ ಹೊಡೆಯತೊಡಗಿದ.

ಅಕ್ಕಪಕ್ಕದ ಪಂಜಾಬಿಗಳು ಯಾರದೋ ಮದುವೆ ಪಟಾಕಿ ಎಂದು ಮಗ್ಗುಲು ಬದಲಿಸಿದರು. ಆದರೆ ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಹಾರುವುದು ಒಂದು ಗುಂಡು. ಬೆನ್ನುಬೆನ್ನಿಗೆ ಎರಡು ಹಾರಿದರೆ ಸಾವು. ಬೋಜಮ್ಮ ಕಾಫಿ ಲೋಟ ಕೆಳಗಿಟ್ಟರು. ಆ ಕಾಲೊನಿಯಲ್ಲಿ ಇನ್ನೊಂದು ಕೊಡವ ಮನೆಯೆಂದರೆ ಎದುರು ಬ್ಲಾಕಿನ ನಿವೃತ್ತ ಕರ್ನಲ್ ಪೊನ್ನಣ್ಣನವರದು. ವಯಸ್ಸು ಎಂಬತ್ತು ದಾಟಿದೆ, ಹೋದ ವಾರದಿಂದ ಕೆಮ್ಮು ಬೇರೆ. ಇನ್ನೇನು ಅನುಮಾನ? ಬೋಜಮ್ಮ ರೋಹಿಣಿ ಬಡಾವಣೆಯಲ್ಲಿದ್ದ ನೆಂಟರಿಗೆ ಫೋನ್ ಮಾಡಿ "ಪೊನ್ನಣ್ಣ ಹೋದ್ರು" ಎಂದು ತಿಳಿಸಿ, ತಾನೂ ಬಿಳಿ ಸೀರೆ ಉಟ್ಟು, ದೇಚಮ್ಮನಿಗೂ ಉಡಿಸಿ ಮೆಟ್ಟಿಲಿಳಿದರು.

ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ಹೂವು ಹಿಡಿದು, ಏದುಸಿರು ಬಿಡುತ್ತ ಮೇಲೇರಿ ಬರುತ್ತಿದ್ದರು ಕರ್ನಲ್ ಪೊನ್ನಣ್ಣ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಂಬಿ ಹಿಡಿದುಕೊಂಡರು.

"ಬೋಜಮ್ಮ, ನೀನು ಹೋಗಲಿಲ್ವಾ?"

"ನಾನು ನಿಮ್ಮನ್ನ ಕಳಿಸೋಕೆ ಅಂತ ಹೊರಟಿದ್ದೆ."

ಗುಂಡು ಹಾರಿದ್ದು ನಿಮ್ಮ ಗೇಟಿನಲ್ಲಿ ಎಂದು ಕರ್ನಲ್, ನಿಮ್ಮ ಕೋವಿಯಿಂದ ಎಂದು ಬೋಜಮ್ಮ ವಾದಿಸುತ್ತ ನಿಂತಿದ್ದಾಗ ಕೊನೆಗೂ ಹೊತ್ತಿಕೊಂಡ ಬೈಕಿನಲ್ಲಿ ಗುಡುಗುತ್ತ ಬಂದ ಪೆಮ್ಮಯ್ಯ ಮಾಂಸದ ಚೀಲ ಹಿಡಿದು ಮೆಟ್ಟಿಲೇರಿದ. ಬಿಳಿ ಬಟ್ಟೆಗಳನ್ನು ಕಂಡು ದನಿ ತಗ್ಗಿಸಿ ಯಾರು ಹೋದರೆಂದು ಕೇಳಿದ.

"ಅದನ್ನೇ ಹುಡುಕ್ತಾ ಇದ್ದೀವಿ," ಎಂದಳು ದೇಚಮ್ಮ. "ಗೇಟಲ್ಲಿ ಗುಂಡು ಹೊಡೆದವರನ್ನ ನೀವೇನಾದ್ರೂ ನೋಡಿದ್ರಾ?"

"ಹನ್ನೆರಡು ಬೋರಿನ ಕೋವಿ," ಎಂದರು ಬೋಜಮ್ಮ. "ನನ್ನ ಕಿವಿಗೆ ಮೋಸ ಆಗಲ್ಲ."

ಪೆಮ್ಮಯ್ಯನ ಎದೆ ಅರಳಿತು. ಕೋವಿಗಳ ನಡುವೆ ಹುಟ್ಟಿ ಬೆಳೆದ ಹೆಂಗಸು ತನ್ನ ಬೈಕನ್ನು ಕೋವಿ ಎಂದುಕೊಂಡಿದ್ದಾಳೆ! ಪಟಾಕಿಯೆಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಇಂಥ ಕೀರ್ತಿಯನ್ನು ಯಾರು ಬಿಟ್ಟುಕೊಡುತ್ತಾರೆ? "ಅದು ನನ್ನ ಪೈಪು, ಮಾವಿ," ಎಂದ ಅತ್ತೆಯ ಕಡೆ ತಿರುಗಿ.

ಬದುಕಿದ್ದವರ ಸಾವು ಸಾರಿದವನು ಈಗಿಂದೀಗಲೇ ಆ ಪೈಪು ಬಿಚ್ಚಬೇಕೆಂದು ಕರ್ನಲ್ ಆಜ್ಞೆ ಮಾಡಿದರು. ಪೆಮ್ಮಯ್ಯ ಬಗ್ಗಲಿಲ್ಲ. ಎರಡು ಹೊಡೆದು ಸಾವು ಸಾರಿದ್ದನ್ನು ಒಂದು ಹೊಡೆದು ರದ್ದು ಮಾಡುತ್ತೇನೆ, ಎರಡಾದರೆ ಪೈಪು ನಿಮ್ಮ ಪಾದಕ್ಕೆ ಎಂದ.

"ನಿನ್ನ ಪೈಪಿಗೆ ಎಣಿಸೋಕೆ ಬರುತ್ತೇನಯ್ಯ?"

"ಲೆಕ್ಕಪತ್ರ ವಿಭಾಗದ ಗಾಡಿ, ಕರ್ನಲ್ ಮಾವ. ಬರುತ್ತೆ."

ಎಲ್ಲರೂ ಬಿಳಿ ಬಟ್ಟೆಯಲ್ಲೇ ಬಾಲ್ಕನಿಯಲ್ಲಿ ಸಾಲಾಗಿ ನಿಂತರು. ಪೆಮ್ಮಯ್ಯ ಹೆಲ್ಮೆಟ್ಟು ಧರಿಸಿ ಗೇಟಿನ ಬಳಿ ಗಾಡಿ ಏರಿದ. ಆಕ್ಸಿಲರೇಟರನ್ನು ಕಿವಿ ಹಿಂಡಿದಂತೆ ಹಿಂಡಿ ಗಕ್ಕನೆ ಬಿಟ್ಟ. ಢಂ! ಉಸಿರು ಬಿಗಿಹಿಡಿದು ಕಾದ. ಎರಡನೆಯದು ಬರಲಿಲ್ಲ. ಗೆದ್ದೆ ಎಂದು ಪೆಮ್ಮಯ್ಯ ತಲೆಯೆತ್ತಿ ಅತ್ತೆಯ ಮುಖ ನೋಡಿದ. ಆಕೆಯ ಬಾಯಿಂದ ಇನ್ನೇನು ಮೆಚ್ಚುಗೆ ಹೊರಡಬೇಕು.

ಅಷ್ಟರಲ್ಲಿ ಗೇಟಿನೆದುರು ಆಟೋ ನಿಂತು, ರೋಹಿಣಿಯ ನೆಂಟರು ಗಂಡಹೆಂಡಿರಿಬ್ಬರೂ ಬಿಳಿ ಬಟ್ಟೆಯಲ್ಲಿ ಇಳಿದರು. ಬಾಲ್ಕನಿಯಲ್ಲಿ ಸತ್ತವರು ಕೆಮ್ಮುತ್ತ ನಿಂತಿದ್ದನ್ನು ಕಂಡು ಕಕ್ಕಾಬಿಕ್ಕಿಯಾದರು. "ಸಾವು ಅಂತ ಓಡಿ ಬಂದ್ರೆ ಇಲ್ಲಿ ಒಂದೇ ಗುಂಡು ಹಾರಿತಲ್ಲ ಬೋಜಮ್ಮ. ಗಂಡುಮಗು ಯಾರಿಗೆ ಹುಟ್ಟಿತು?"

ಬೋಜಮ್ಮ ಸೆರಗು ಸರಿಮಾಡಿಕೊಂಡು ಕಂಬಿಯ ಮೇಲೆ ಬಗ್ಗಿದರು.

"ನಮ್ಮ ದೇಚಮ್ಮನಿಗೆ. ಅಗೋ, ಹೆಲ್ಮೆಟ್ ಹಾಕ್ಕೊಂಡು ಆಡ್ತಾ ಇದೆ, ನೋಡಿ."