ಹನುಮಂತಮ್ಮನವರ ಕಿವಿಗೆ ಪ್ರಮಾಣಪತ್ರ ಕೋರಿ

ಗುಣಮಟ್ಟ ದೃಢೀಕರಣಾಧಿಕಾರಿ ಶ್ರೀ ರವಿಕಿರಣ್ ಅವರ ದಿವ್ಯ ಸನ್ನಿಧಿಗೆ, ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಉಂಡೆ ಕೊಬ್ಬರಿ ಘಟಕದ ಒಡತಿ ಶಶಿಕಲಾ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಕಡತಗಳೂ ತಮ್ಮ ಮೊಹರೂ ಕ್ಷೇಮವೆಂದು ನಂಬಿದ್ದೇನೆ. ದುಬೈಗೆ ಹೋಗಬೇಕಾದ ನಮ್ಮ ಮೊಟ್ಟಮೊದಲ ಕಂಟೇನರ್ ಕೂಡ ಗೇಟಿನ ಬಳಿ ಕ್ಷೇಮವಾಗಿಯೇ ನಿಂತಿದೆ. ಶುಕ್ರವಾರದೊಳಗೆ ತಮ್ಮ ಪ್ರಮಾಣಪತ್ರ ಬಾರದಿದ್ದರೆ ಆರ್ಡರ್ ರದ್ದು.

ತಪ್ಪು ನನ್ನದೇ. ಹೋದ ತಿಂಗಳು ತಾವು ಪರಿಶೀಲನೆಗೆ ಬಂದು ಕೊಟ್ಟುಹೋದ ನಮೂನೆಯಲ್ಲಿ 'ಒಣಗಿರುವುದನ್ನು ಪರೀಕ್ಷಿಸುವ ಉಪಕರಣ' ಎಂಬಲ್ಲಿ, ಸುಳ್ಳು ಬರೆಯಬಾರದೆಂದು, 'ಹನುಮಂತಮ್ಮ' ಎಂದು ಬರೆದೆ. ನಮ್ಮಲ್ಲಿ ಕೆಲಸಕ್ಕಿರುವ ಗುಬ್ಬಿ ಕಡೆಯ ಇವರು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳುವ ಸದ್ದಾದರೆ ಸೈ, ಇಲ್ಲದಿದ್ದರೆ ಅದು ಒಣಗಲು ಮತ್ತೆ ಅಟ್ಟಕ್ಕೆ.

ತಮ್ಮ ಕಚೇರಿ ಎಷ್ಟು ಚುರುಕೆಂದರೆ ವಾರದೊಳಗೇ ಉತ್ತರ ಬಂತು: ಸದರಿ ಉಪಕರಣದ ತಯಾರಿಕೆಯ ವರ್ಷ, ಬಳಸುವ ವಿದ್ಯುತ್, ಕೊನೆಯ ಸಲ ಸರಿಹೊಂದಿಸಿದ ದಿನಾಂಕ ತಿಳಿಸಿ, ಹಳತಾಗಿದ್ದರೆ ಗುಜರಿಗೆ ಹಾಕಿ ಹೊಸದನ್ನು ಅಳವಡಿಸಿ. ಓದುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕೆ; ಗುಜರಿಯ ಸಾಲಿಗೆ ಬಂದಾಗ ಮಾತ್ರ ಸಿಟ್ಟು ನೆತ್ತಿಗೇರಿತು.

ಆದರೂ ವಿಧೇಯಳಾಗಿ ಉತ್ತರಿಸುತ್ತೇನೆ. ತಯಾರಿಕೆ: ಆಧಾರ್ ಪ್ರಕಾರ 1958ರ ಜನವರಿ ಒಂದು, ಅವರ ಬೀದಿಯ ಅರ್ಧ ಜನ ಹುಟ್ಟಿದ ದಿನ. ವಿದ್ಯುತ್: ಎರಡು ಹೊತ್ತು ಮುದ್ದೆ, ನಡುನಡುವೆ ಎಲೆಅಡಿಕೆ. ಸರಿಹೊಂದಿಸಿದ್ದು: ಯುಗಾದಿಯ ಎಣ್ಣೆಸ್ನಾನದಲ್ಲಿ, ಕಿವಿಗೆ ಎರಡೆರಡು ತೊಟ್ಟು. ಪ್ರಮಾಣಪತ್ರದ ಮಾತೆತ್ತಿದರೆ "ನಾನೇನ್ ತಕ್ಕಡಿಯಾ ಕಣವ್ವ, ವರ್ಸಕ್ಕೊಂದ್ಸಲ ಸೀಲ್ ಹೊಡ್ಸಾಕೆ?" ಎಂದರು. ಬಿಡದೆ ತುಮಕೂರಿನಲ್ಲಿ ಕಿವಿ ಪರೀಕ್ಷೆಗೆ ಕರೆದೊಯ್ದೆ. ಹೆಡ್‌ಫೋನಿನ ಸಣ್ಣ ಸದ್ದನ್ನು ಆಲಿಸಿದ ಅವರು, ಅದನ್ನು ಕಿತ್ತು ಎರಡು ಸಲ ಅಲ್ಲಾಡಿಸಿ, "ಇದಿನ್ನೂ ಹಸಿ, ಮೂರ್ ತಿಂಗ್ಳು ಅಟ್ಟದ್ ಮ್ಯಾಲಿಡಿ" ಎಂದು ತೀರ್ಪು ಕೊಟ್ಟು ಎದ್ದು ಬಂದರು. 'ರೋಗಿ ಸಹಕರಿಸಲಿಲ್ಲ' ಎಂಬ ವರದಿಯನ್ನು ಲಗತ್ತಿಸಿದ್ದೇನೆ.

ತಾವು ಸೂಚಿಸಿದ ಯಂತ್ರವನ್ನೂ ತರಿಸಿದೆ. ಬಹಳ ಜಾಣ ಯಂತ್ರ. ಕೊಬ್ಬರಿಯನ್ನು ಹೋಳು ಮಾಡಿ ಅದರ ಮುಳ್ಳು ಚುಚ್ಚಿದರೆ ತೇವ ಎಷ್ಟೆಂದು ದಶಾಂಶ ಸಮೇತ ಹೇಳುತ್ತದೆ. ದುಬೈಯವರು ಕೇಳಿರುವುದು ಮಾತ್ರ ಹೋಳಾಗದ ಇಡೀ ಉಂಡೆ. ಒಂದನ್ನೂ ಬಿಡದೆ ಪರೀಕ್ಷಿಸಬೇಕೆಂಬ ತಮ್ಮ ನಿಯಮ ಪಾಲಿಸಿದರೆ ನಾನು ಕಂಟೇನರ್ ತುಂಬ ದಶಾಂಶಗಳನ್ನೇ ಕಳಿಸಬೇಕಾದೀತು.

ಆದ್ದರಿಂದ ದಯಮಾಡಿ ಗುಬ್ಬಿ ಕುಣಿಗಲ್ ಸೀಮೆಯ ತೆಂಗಿನಮರಗಳಿಗೆಲ್ಲ ಒಂದು ಸುತ್ತೋಲೆ ಹೊರಡಿಸಿ, ಇನ್ನು ಮುಂದೆ ಪ್ರತಿ ಕಾಯಿಗೂ ಒಂದು ಕಿಟಕಿ ಇಟ್ಟೇ ಬಿಡತಕ್ಕದ್ದೆಂದು ಆಜ್ಞಾಪಿಸಿ. ಆಗದಿದ್ದರೆ ಖುದ್ದಾಗಿ ಬಂದು ಹನುಮಂತಮ್ಮನವರ ಕಿವಿಯ ಮೇಲೆ, ಓಲೆಗೆ ತಾಗದ ಹಾಗೆ, ಮೊಹರು ಒತ್ತಿ. ನನ್ನ ಘಟಕದಿಂದ ಈವರೆಗೆ ಒಂದೇ ಒಂದು ಹಸಿ ಉಂಡೆ ಹೊರಹೋಗದಂತೆ ಕಾದವರನ್ನು ನಾನು ಗುಜರಿಗೆ ಹಾಕಲಾರೆ, ಆರ್ಡರ್ ಹೋದರೂ ಸರಿಯೇ.

ತಮ್ಮ ವಿಶ್ವಾಸಿ, ಹಾಗೂ ಕೊಬ್ಬರಿಯ ಜೊತೆಗೇ ಒಣಗುತ್ತಿರುವ
ಶಶಿಕಲಾ

ತಾ.ಕ.: ಅಂದು ಪರಿಶೀಲನೆ ಮುಗಿಸಿ ಹೊರಡುವಾಗ ತಾವು ಮನೆಗೆಂದು ಹತ್ತು ಕೊಬ್ಬರಿ ಕೇಳಿದಿರಿ. ತಮ್ಮ ಯಂತ್ರ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯದೆ, ರಾಶಿಯ ಪಕ್ಕ ಕೂತಿದ್ದವರ ಬಳಿ ಹೋಗಿ "ಅಜ್ಜಿ, ಅಲ್ಲಾಡ್ಸಿ ನೋಡಿ, ಒಳ್ಳೇವೇ ಆರಿಸ್ಕೊಡಿ" ಎಂದಿರಿ. ಆ ಅಜ್ಜಿಯ ಹೆಸರು ಕೇಳಲು ತಮಗೆ ಪುರುಸೊತ್ತಾಗಲಿಲ್ಲ. ನಮೂನೆಯಲ್ಲಿದೆ, ನೋಡಿಕೊಳ್ಳಿ.